ಇದಕ್ಕೆ ಅಮೋಕ್ ಅಂತ ಹೆಸರು ಬೇರೆ!

ಕಾಂಬೋಡಿಯಾದ ಸಿಯೆಮ್ ರೀಪ್‌ನ ಒಂದು ಹೆಸರುವಾಸಿ ಹೋಟೆಲಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಂಗ್ಕೋರ್ ವಾಟ್ ನೋಡಲು ಬಂದವರು ಊಟಕ್ಕೆ ಎಲ್ಲಿ ಹೋಗೋಣ ಅಂತ ಫೋನಿನಲ್ಲಿ ಹುಡುಕಿದರೆ ಮೇಲೆಯೇ ಕಾಣುವ ಹೋಟೆಲುಗಳಲ್ಲಿ ಅದೂ ಒಂದು. ಸಾವಿರಾರು ಜನ ಅದನ್ನು ಹೊಗಳಿ ಬರೆದಿದ್ದಾರೆ. ಬಾಗಿಲಲ್ಲಿ ಯಾವಾಗಲೂ ಜನ. ಮೆನುವಿನ ಮೊದಲ ಪುಟದಲ್ಲೇ ಬಾಳೆಲೆ ದೊನ್ನೆಯಲ್ಲಿ ಬೇಯಿಸಿದ ಅಮೋಕ್ ಅನ್ನುವ ಮೀನಿನ ಅಡುಗೆಯ ದೊಡ್ಡ ಫೋಟೊ. ಅದರ ಕೆಳಗೆ, ಇದು ನಮ್ಮ ಅಜ್ಜಿ ಮಾಡುತ್ತಿದ್ದ ರೀತಿ ಅಂತ ಒಂದು ಸಾಲು.

ಅಲ್ಲಿ ನಮಗೆ ಕೊಟ್ಟ ಹಾಗೆ ಯಾವ ಅಜ್ಜಿಯೂ ಅಮೋಕ್ ಮಾಡುವುದಿಲ್ಲ.

ನಾನು ಕೆಲಸದ ಮೇಲೆ ಇಲ್ಲಿನ ರಾಜಧಾನಿ ಫ್ನೋಮ್ ಪೆನ್‌ನಲ್ಲಿ ಇರುವವಳು. ಕುಂದಾಪುರದಿಂದ ಅಮ್ಮ, ಅಕ್ಕ, ಬಾವ ಬಂದಿದ್ದರು. ಅಂಗ್ಕೋರ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಅಂಗ್ಕೋರ್ ವಾಟ್, ಆಮೇಲೆ ಮರದ ಬೇರುಗಳು ಗೋಡೆಯನ್ನೇ ಅಪ್ಪಿಕೊಂಡಿರುವ ತಾ ಪ್ರೋಮ್. ಅಮ್ಮನಿಗೆ ಕಾಲು ನೋವು. ಆದರೂ ಖುಷಿಯಾಗಿದ್ದರು. ರಾತ್ರಿ ಒಳ್ಳೆಯ ಖ್ಮೇರ್ ಊಟ, ಅಂದರೆ ಇಲ್ಲಿನ ಜನರ ಊಟ ಮಾಡಿಸಬೇಕು ಅನ್ನುವುದು ನನ್ನ ಆಸೆ. ಬಾವ ಊರಿನಲ್ಲೇ ಯಾವುದೋ ವಿಡಿಯೊ ನೋಡಿ ಈ ಹೋಟೆಲಿನ ಹೆಸರು ಬರೆದುಕೊಂಡು ಬಂದಿದ್ದರು. ಸರಿ, ಫೋನ್ ಮಾಡಿ 7 ಗಂಟೆಗೆ ಟೇಬಲ್ ಹೇಳಿಟ್ಟೆವು.

7 ಗಂಟೆಗೆ ಹೋದರೆ ಟೇಬಲ್ ಇಲ್ಲ. ಅದೇ ಹೊತ್ತಿಗೆ ಒಂದು ಟೂರ್ ಬಸ್ ಬಂದು ನಿಂತಿತ್ತು. ಅವರೆಲ್ಲ ಸೀದಾ ಒಳಗೆ ಹೋದರು. ನಮ್ಮನ್ನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಬಸ್ಸಿನವರು ದಿನಾ ಬರುವ ಗಿರಾಕಿಗಳು, ನಾವು ಒಂದು ಸಲ ಬಂದು ಹೋಗುವವರು, ಅಷ್ಟೇ ಲೆಕ್ಕ. ಕಾಲು ನೋವಿರುವ ವಯಸ್ಸಾದವರು ಇದ್ದಾರೆ ಅಂತ ಎರಡು ಸಲ ಹೇಳಿದೆ. ನಗುತ್ತಾ ತಲೆ ಆಡಿಸಿದರು, ಅಷ್ಟೇ.

ಇದನ್ನು ಬೇಕಾದರೆ ಮರೆಯಬಹುದು. ತಟ್ಟೆಗೆ ಬಂದದ್ದನ್ನು ಮರೆಯಲು ಆಗುವುದಿಲ್ಲ.

ಅಮೋಕ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಜ್ಜಿಗೆ ಹುಲ್ಲು, ಅರಿಶಿನ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಶುಂಠಿಯ ಜಾತಿಯದೇ ಆದ ಗಲಂಗಲ್, ಸುಕ್ಕು ಸಿಪ್ಪೆಯ ಒಂದು ಜಾತಿಯ ನಿಂಬೆಯ ಸಿಪ್ಪೆ, ಇಷ್ಟನ್ನೂ ಕಲ್ಲಿನಲ್ಲಿ ಹಾಕಿ ಕುಟ್ಟಿ ಕುಟ್ಟಿ ನುಣ್ಣಗೆ ಮಾಡುತ್ತಾರೆ. ಅದಕ್ಕೆ ಕ್ರೊಯೆಂಗ್ ಅಂತಾರೆ. ಅದನ್ನು ತೆಂಗಿನ ಹಾಲು, ಮೊಟ್ಟೆ, ಸಿಹಿನೀರಿನ ಮೀನಿನ ಜೊತೆ ಕಲಸುತ್ತಾರೆ. ಬಾಳೆಲೆಯ ದೊನ್ನೆ ಮಾಡಿ, ಅಡಿಗೆ ನೋನಿ ಎಲೆ ಹಾಕಿ, ಮೇಲೆ ಇದನ್ನು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಕೊನೆಗೆ ಮೇಲೆ ಗಟ್ಟಿ ತೆಂಗಿನ ಹಾಲು, ತೆಳ್ಳಗೆ ಹೆಚ್ಚಿದ ಕೆಂಪು ಮೆಣಸಿನಕಾಯಿ. ಬೆಂದ ಮೇಲೆ ಅದು ಮೆತ್ತಗೆ ಗಟ್ಟಿಯಾಗಿರುತ್ತದೆ. ಚಮಚ ಹಾಕಿದರೆ ತುಂಡಾಗಿ ಬರಬೇಕು. ನೋನಿ ಎಲೆಯ ಸಣ್ಣ ಕಹಿ ಕೊನೆಯಲ್ಲಿ ನಾಲಿಗೆಗೆ ಸಿಗಬೇಕು.

ನಮಗೆ ಬಂದದ್ದು ತೆಂಗಿನ ಹಾಲಿನ ನೀರು ಸಾರು. ಆರ್ಡರ್ ಕೊಟ್ಟು ಒಂದು ಗ್ಲಾಸ್ ನೀರು ಕುಡಿಯುವಷ್ಟರಲ್ಲಿ ಬಂತು. ಮೇಲೆ ಎಣ್ಣೆ ತೇಲುತ್ತಿತ್ತು. ಒಳಗೆ ಐಸ್‌ನಲ್ಲಿಟ್ಟಿದ್ದ ಬಿಳಿ ಮೀನಿನ ಚೌಕ ಚೌಕ ತುಂಡುಗಳು, ರುಚಿಯೂ ಇಲ್ಲ, ವಾಸನೆಯೂ ಇಲ್ಲ. ನೋನಿ ಎಲೆಯ ಸುಳಿವಿಲ್ಲ. ಮೊಟ್ಟೆ ಹಾಕಿದ ಗುರುತಿಲ್ಲ. ಅರಿಶಿನದ ಬಣ್ಣ ಮಾತ್ರ ಜೋರು.

ಅಮ್ಮ ಅಮೋಕ್ ತಿನ್ನುವವರಲ್ಲ, ಮೀನು ಬಿಟ್ಟು ಎಷ್ಟೋ ವರ್ಷ ಆಯಿತು. ಆದರೆ ಮೊದಲು ಕಂಡು ಹಿಡಿದದ್ದು ಅವರೇ. ದೊನ್ನೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, “ಇದು ಹಬೆಯಲ್ಲಿ ಬೆಂದ ಎಲೆ ಅಲ್ಲ ಮಗಾ” ಅಂದರು. ನಿಜ. ಎಲೆ ಹಸಿರು ಹಸಿರಾಗಿ ಮಿಂಚುತ್ತಿತ್ತು. ಬಗ್ಗಿಸಿದರೆ ಪಟ್ ಅಂತ ಸೀಳಿತು. ಕೊಟ್ಟೆ ಕಡುಬಿನ ಹಲಸಿನೆಲೆ ಬೆಂದ ಮೇಲೆ ಹೇಗೆ ಬಣ್ಣ ಬಿಟ್ಟು ಕಂದಾಗಿ, ಮೆತ್ತಗಾಗಿ, ಹಿಟ್ಟಿಗೆ ತನ್ನ ಪರಿಮಳ ಕೊಟ್ಟಿರುತ್ತದೋ ಬಾಳೆಲೆಯೂ ಹಾಗೇ ಆಗಬೇಕಲ್ವಾ? ಇಲ್ಲಿ ಪಾತ್ರೆಯಲ್ಲಿ ಕುದಿಸಿದ ಸಾರನ್ನು ಹಸಿ ಎಲೆಯ ದೊನ್ನೆಗೆ ಸುರಿದು ತಂದಿದ್ದಾರೆ. ಎಲೆಗೂ ಊಟಕ್ಕೂ ಸಂಬಂಧವೇ ಇಲ್ಲ. ಎಲೆ ಇರುವುದು ಫೋಟೊಗೆ. ಅದರ ಮೂಲೆಗೆ ಚುಚ್ಚಿದ್ದು ಬಿದಿರಿನ ಕಡ್ಡಿಯೂ ಅಲ್ಲ, ಸ್ಟೇಪ್ಲರ್ ಪಿನ್. ಬಿಸಿ ಸಾರಿನ ಒಳಗೆ ಸ್ಟೇಪ್ಲರ್ ಪಿನ್! ಅಕ್ಕನ ಚಮಚಕ್ಕೆ ಸಿಕ್ಕಿತು. ಬಾಯಿಗೆ ಹೋಗಿದ್ದರೆ?

ಸಾರಿನ ಹಾಗೆ ತೆಳ್ಳಗೆ ಅಮೋಕ್ ಮಾಡುವವರೂ ಇಲ್ಲಿ ಇದ್ದಾರೆ, ಒಪ್ಪುತ್ತೇನೆ. ಹಾಗೆ ಮಾಡಿ, ಹಾಗೆ ಅಂತಲೇ ಹೇಳಿ ಬಟ್ಟಲಲ್ಲಿ ಕೊಡಲಿ, ತಿನ್ನುತ್ತೇವೆ. ಹಬೆಯಲ್ಲಿ ಬೇಯಿಸಿದ್ದರ ಫೋಟೊ ತೋರಿಸಿ ಇದನ್ನು ತಂದಿಡುವುದು ಮೋಸ. ಬೇರೆ ಹೆಸರಿಲ್ಲ ಅದಕ್ಕೆ.

ಬೆಲೆ 8 ಡಾಲರ್. ಪ್ರವಾಸಿಗೆ ದೊಡ್ಡದಲ್ಲ ಅನ್ನಬಹುದು. ಆದರೆ ಈ ದೇಶದಲ್ಲಿ 8 ಡಾಲರ್ ಅಂದರೆ ಏನು ಗೊತ್ತಾ? 2025ರಲ್ಲಿ ಇಲ್ಲಿನ ಗಾರ್ಮೆಂಟ್ ಕಾರ್ಖಾನೆಯವರಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಸಂಬಳ ತಿಂಗಳಿಗೆ 208 ಡಾಲರ್. 26 ದಿನದ ಲೆಕ್ಕ ಹಾಕಿ. ಒಬ್ಬ ಹೆಣ್ಣುಮಗಳು ಇಡೀ ದಿನ ಮಿಷನ್ ಮುಂದೆ ಕೂತು ದುಡಿದ ಕೂಲಿ ಅದು. ಅಷ್ಟು ದುಡ್ಡು ತೆಗೆದುಕೊಂಡವರು ಒಂದು ದೊನ್ನೆಯನ್ನು ಹಬೆಯಲ್ಲಿಡುವಷ್ಟು ಹೊತ್ತೂ ಕೊಡುವುದಿಲ್ಲ ಅಂದರೆ ಹೇಗೆ?

ಅಮ್ಮನ ಊಟದ ವಿಷಯಕ್ಕೆ ಬಂದರೆ ನನಗೆ ಇನ್ನೂ ಉರಿಯುತ್ತದೆ.

ಮೆನುವಿನಲ್ಲಿ ಕೆಲವು ಐಟಂಗಳ ಪಕ್ಕ ಹಸಿರು ಎಲೆಯ ಗುರುತು ಇತ್ತು. ಸಸ್ಯಾಹಾರ ಅಂತ ಅರ್ಥ. ಆದರೂ ಕೇಳಿದೆ. ಮೀನು ಇಲ್ಲ ಅಲ್ವಾ? ಇಲ್ಲ. ಮೀನಿನ ಸಾಸ್? ಇಲ್ಲ. ಮೀನಿನಿಂದಲೇ ಮಾಡುವ ಪ್ರಹೋಕ್? ಇಲ್ಲ ಇಲ್ಲ. ಖ್ಮೇರ್‌ನಲ್ಲೂ ಕೇಳಿದೆ, ಇಂಗ್ಲಿಷ್‌ನಲ್ಲೂ ಕೇಳಿದೆ. ಬಂದದ್ದು ತರಕಾರಿ ಹುರಿದದ್ದು. ಅಮ್ಮ ಒಂದು ತುತ್ತು ಬಾಯಿಗೆ ಇಟ್ಟು ಸುಮ್ಮನಾದರು. ಏನೂ ಹೇಳಲಿಲ್ಲ. ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡರು. ನಾನು ತಟ್ಟೆ ಎಳೆದು ರುಚಿ ನೋಡಿದೆ. ಮೀನಿನ ಸಾಸ್. ಒಂದು ಹನಿ ಅಲ್ಲ, ಧಾರಾಳವಾಗಿ. ಅಡುಗೆಮನೆಯಿಂದ ಬಂದ ಉತ್ತರ ಏನು ಗೊತ್ತಾ? ಸಾಸ್ ಸ್ವಲ್ಪ ಇದೆ, ಮೀನಿನ ತುಂಡು ಇಲ್ಲವಲ್ಲ!

ಬಡಿಸುವ ಹುಡುಗಿಯ ಮೇಲೆ ನನಗೆ ಕೋಪ ಇಲ್ಲ. ಪಾಪ, ಆರೇಳು ಟೇಬಲ್ ಒಬ್ಬಳೇ ನೋಡುತ್ತಿದ್ದಳು. ಒಳಗೆ ಏನು ಹಾಕುತ್ತಾರೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಹಸಿರು ಗುರುತನ್ನು ಪ್ರಿಂಟ್ ಹಾಕಿಸಿದ ಮಾಲೀಕರಿಗೆ ಚೆನ್ನಾಗಿ ಗೊತ್ತಿದೆ. ಭಾರತದಿಂದ ಬರುವವರಿಗೆ ಅದು ಬೇಕು ಅಂತ ಗೊತ್ತಿದೆ, ಅದಕ್ಕೇ ಹಾಕಿಸಿದ್ದು. ಮೀನು ತಿನ್ನದವರಿಗೆ ಮಾಡಿಕೊಡಲು ಆಗದಿದ್ದರೆ ಆಗುವುದಿಲ್ಲ ಅನ್ನಿ. ಈ ದೇಶದ ಅಡುಗೆಯೇ ಮೀನಿನ ಮೇಲೆ ನಿಂತಿದೆ, ಅದರಲ್ಲಿ ತಪ್ಪೇನೂ ಇಲ್ಲ. ಊರಲ್ಲಿ ಬೇಕಾದಷ್ಟು ಇಂಡಿಯನ್ ಹೋಟೆಲುಗಳಿವೆ, ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಇಲ್ಲ ಅಂತ ಹೇಳಿ ಹಾಕಿ ಕೊಡುವುದು ಯಾವ ನ್ಯಾಯ?

ಇದರಲ್ಲಿ ಇನ್ನೊಂದು ವಿಷಯ ಇದೆ. ಬಾವ ಸಮ್ಲಾರ್ ಕೊಕೊ ಹೇಳಿದ್ದರು. ಹಸಿ ಪಪ್ಪಾಯಿ, ಕುಂಬಳಕಾಯಿ, ಬಾಳೆಕಾಯಿ, ಬದನೆ, ಸೊಪ್ಪು, ಸಿಕ್ಕಿದ್ದೆಲ್ಲ ಹಾಕಿ ಮಾಡುವ ಸಾರು. ಅದಕ್ಕೆ ಹುರಿದ ಅಕ್ಕಿಯ ಪುಡಿ ಬೀಳಬೇಕು. ಪ್ರಹೋಕ್ ಬೀಳಲೇಬೇಕು. ಪ್ರಹೋಕ್ ಅಂದರೆ ಮೀನಿಗೆ ಉಪ್ಪು ಹಾಕಿ ಹುಳಿ ಬರಿಸಿ ತಿಂಗಳುಗಟ್ಟಲೆ ಇಟ್ಟದ್ದು. ವಾಸನೆ ಜೋರು, ನಿಜ. ಆದರೆ ಸಾರಿಗೆ ಅದೇ ಜೀವ. ಸಿಯೆಮ್ ರೀಪ್‌ನ ಪಕ್ಕದಲ್ಲೇ ಟೋನ್ಲೆ ಸಾಪ್ ಸರೋವರ. ಮಳೆಗಾಲದಲ್ಲಿ ಮೆಕಾಂಗ್ ನದಿ ತುಂಬಿದರೆ ಟೋನ್ಲೆ ಸಾಪ್ ನದಿ ಹಿಂದಕ್ಕೆ ಹರಿದು ಸರೋವರ ಎಷ್ಟೋ ಪಟ್ಟು ಹಿಗ್ಗುತ್ತದೆ. ನೀರು ಇಳಿಯುವಾಗ ಸಣ್ಣ ಮೀನು ರಾಶಿ ರಾಶಿ ಸಿಗುತ್ತದೆ. ಅದನ್ನೇ ವರ್ಷಕ್ಕಾಗುವಷ್ಟು ಪ್ರಹೋಕ್ ಮಾಡಿಟ್ಟುಕೊಂಡು ಬದುಕಿದ ಜನ ಇವರು. ಈ ಹೋಟೆಲಿನ ಸಾರಿನಲ್ಲಿ ಪ್ರಹೋಕ್ ಇಲ್ಲ, ಹುರಿದ ಅಕ್ಕಿಯೂ ಇಲ್ಲ. ಕೇಳಿದರೆ ಪ್ರವಾಸಿಗಳಿಗೆ ವಾಸನೆ ಆಗುವುದಿಲ್ಲವಂತೆ. ಅಂದರೆ ಮೀನು ಇರಲೇಬೇಕಾದ ಕಡೆ ತೆಗೆದರು, ಇರಲೇಬಾರದ ಕಡೆ ಸುರಿದರು. ತಿನ್ನುವವರ ಮೇಲೂ ಗೌರವ ಇಲ್ಲ, ತಮ್ಮ ಅಡುಗೆಯ ಮೇಲೂ ಗೌರವ ಇಲ್ಲ.

ಬಿಲ್ ಕೊಡುವಾಗಲೂ ನೆಮ್ಮದಿ ಇಲ್ಲ. ಬಾವ ಕೊಟ್ಟ 20 ಡಾಲರ್ ನೋಟಿನ ಅಂಚಿನಲ್ಲಿ ಉಗುರಿನಷ್ಟು ಹರಿದಿತ್ತು. ಕ್ಯಾಷಿಯರ್ ಅದನ್ನು ದೀಪಕ್ಕೆ ಹಿಡಿದು ನೋಡಿ ವಾಪಸ್ ಕೊಟ್ಟರು. ಕಾಂಬೋಡಿಯಾದಲ್ಲಿ ಹರಿದ ಡಾಲರ್ ಯಾರೂ ಮುಟ್ಟುವುದಿಲ್ಲ, ಅದು ನನಗೆ ಗೊತ್ತು. ಬೇರೆ ನೋಟು ಕೊಟ್ಟೆವು. ಆದರೆ ಚಿಲ್ಲರೆ ಅಂತ ಅವರು ಕೊಟ್ಟ 5 ಡಾಲರ್ ನೋಟು ಮಧ್ಯದಲ್ಲಿ ಹರಿದು ಟೇಪ್ ಅಂಟಿಸಿದ್ದು! ಬದಲಾಯಿಸಿ ಕೊಡಿ ಅಂದದ್ದಕ್ಕೆ ಮುಖ ಗಂಟು ಹಾಕಿದರು.

ಈ ಹೋಟೆಲಿಗೆ ಇಷ್ಟು ಹೆಸರು ಹೇಗೆ ಬಂತು ಅಂತ ಆ ರಾತ್ರಿ ಕೂತು ಜನ ಬರೆದದ್ದನ್ನೆಲ್ಲ ಓದಿದೆ. ದೀಪಗಳು ಚಂದ, ಅಪ್ಸರಾ ನೃತ್ಯ ಇದೆ, ಸಿಬ್ಬಂದಿ ನಗುತ್ತಾರೆ, ಬಾಳೆಲೆಯಲ್ಲಿ ಕೊಡುತ್ತಾರೆ. ರುಚಿಯ ಬಗ್ಗೆ ಬರೆದವರು ಬೆರಳೆಣಿಕೆ. ಬರೆದವರೂ ಜೀವನದಲ್ಲಿ ಮೊದಲ ಸಲ ಅಮೋಕ್ ತಿಂದವರು. ನಮ್ಮ ಕನ್ನಡದ ವಿಡಿಯೊ ಮಾಡುವವರನ್ನೂ ನೋಡಿದೆ. ಕ್ಯಾಮೆರಾ ತಟ್ಟೆಯ ಸುತ್ತ ತಿರುಗುತ್ತದೆ, ಒಂದು ಚಮಚ ಬಾಯಿಗೆ ಹೋಗುತ್ತದೆ, ಕಣ್ಣು ಮುಚ್ಚಿ ‘ಸೂಪರ್’ ಅನ್ನುತ್ತಾರೆ, ಮುಗಿಯಿತು. ನಿಮ್ಮನ್ನು ನಂಬಿ ಊರಿನ ಜನ ದುಡ್ಡು ಕೂಡಿಸಿಕೊಂಡು ಬರುತ್ತಾರೆ ಸ್ವಾಮಿ. ಅಕ್ಕ ಬಾವ ಹಾಗೇ ಬಂದವರು. ಏನು ತಿಂದಿರಿ, ಹೇಗಿತ್ತು, ಮೀನು ತಾಜಾ ಇತ್ತಾ, ಅಷ್ಟಾದರೂ ಹೇಳಿ.

ಒಂದು ಊಟಕ್ಕೆ ಇಷ್ಟೊಂದು ಸಿಟ್ಟಾ ಅಂತ ಕೇಳಬಹುದು. ನನ್ನ ಜೊತೆ ಕೆಲಸ ಮಾಡುವ ಒಬ್ಬಳ ಅಮ್ಮ ಫ್ನೋಮ್ ಪೆನ್‌ನಲ್ಲಿ ನನಗೆ ಅಮೋಕ್ ಮಾಡಿ ಬಡಿಸಿದ್ದಾರೆ. 1975ರಿಂದ 1979ರವರೆಗೆ ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತದ ಕಾಲದಲ್ಲಿ ಅವರು ಹುಡುಗಿ. ಆಗ ಮನೆಯಲ್ಲಿ ಅಡುಗೆ ಮಾಡುವ ಹಾಗೇ ಇರಲಿಲ್ಲ. ಎಲ್ಲರೂ ಸಾಮೂಹಿಕ ಅಡುಗೆಮನೆಯಲ್ಲಿ ನೀರು ಗಂಜಿ ಕುಡಿಯಬೇಕು. ಹಸಿವಿನಿಂದ, ರೋಗದಿಂದ, ಕೊಲೆಯಿಂದ ಲಕ್ಷಗಟ್ಟಲೆ ಜನ ಸತ್ತರು. ಎಷ್ಟೋ ಮನೆಗಳಲ್ಲಿ ಅಡುಗೆ ಗೊತ್ತಿದ್ದವರೇ ಉಳಿಯಲಿಲ್ಲ. ಉಳಿದವರು ನೆನಪಿನಿಂದ ಮತ್ತೆ ಕುಟ್ಟಿ, ಅರೆದು, ಬೇಯಿಸಿ ಮಕ್ಕಳಿಗೆ ಕಲಿಸಿದರು. ಆ ಅಮ್ಮ ಕ್ರೊಯೆಂಗ್ ಕುಟ್ಟುವಾಗ ಮಧ್ಯೆ ಮಧ್ಯೆ ಬೆರಳಲ್ಲಿ ತಿಕ್ಕಿ ನೋಡುತ್ತಾರೆ, ಮಜ್ಜಿಗೆ ಹುಲ್ಲಿನ ನಾರು ಕೈಗೆ ಸಿಕ್ಕರೆ ಮತ್ತೆ ಕುಟ್ಟುತ್ತಾರೆ. ಮಿಕ್ಸಿ ಇದೆ ಮನೆಯಲ್ಲಿ. ಮುಟ್ಟುವುದಿಲ್ಲ. ಅದನ್ನು ಕಣ್ಣಾರೆ ನೋಡಿದವಳು ನಾನು. ಅಂಥವರ ಹೆಸರು ಹೇಳಿಕೊಂಡು ನೀರು ಸಾರನ್ನು ಮಾರಿದರೆ ಸಿಟ್ಟು ಬರದೆ ಇನ್ನೇನು?

ಅಕ್ಕ ಆ ರಾತ್ರಿ ಹೇಳಿದ ಮಾತು ನನಗೆ ಚುಚ್ಚಿತು. “ಕಾಂಬೋಡಿಯಾ ಊಟ ಇಷ್ಟೇನಾ? ನಮ್ಮ ಮೀನು ಸಾರೇ ವಾಸಿ.” ಅವಳದು ತಪ್ಪಲ್ಲ. ಅವಳ ತಟ್ಟೆಗೆ ಬಂದದ್ದು ಅಷ್ಟೇ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಪ್ರೆಯಾ ಡಾಕ್ ಹಳ್ಳಿಗೆ ಕರೆದುಕೊಂಡು ಹೋದೆ. ದೇವಸ್ಥಾನಗಳ ದಾರಿಯಲ್ಲೇ ಇದೆ. ಅಕ್ಕಿ ಶ್ಯಾವಿಗೆಯ ನೊಮ್ ಬಾನ್ ಚಾಕ್‌ಗೆ ಹೆಸರಾದ ಊರು. ರಸ್ತೆ ಪಕ್ಕದ ಮರದ ಬೆಂಚು, ಬಟ್ಟಲಲ್ಲಿ ಆಗಷ್ಟೇ ಒತ್ತಿದ ಶ್ಯಾವಿಗೆ, ಮೇಲೆ ಮಜ್ಜಿಗೆ ಹುಲ್ಲು ಹಾಕಿದ ಹಸಿರು ಮೀನು ಗ್ರೇವಿ, ಹೆಚ್ಚಿದ ಬಾಳೆ ಹೂವು, ಸೌತೆಕಾಯಿ, ನಾಲ್ಕೈದು ಥರದ ಸೊಪ್ಪು. ಒಂದೂವರೆ ಡಾಲರ್ ಕೂಡ ಆಗಲಿಲ್ಲ. ಅಕ್ಕ ಎರಡು ಬಟ್ಟಲು ತಿಂದಳು. ಅಮ್ಮನಿಗೆ ಮೀನು ಆಗುವುದಿಲ್ಲ ಅಂದದ್ದೇ ತಡ, ಅಂಗಡಿಯ ಹೆಂಗಸು ಗ್ರೇವಿಯ ಪಾತ್ರೆ ತೋರಿಸಿ ಬೇಡ ಬೇಡ ಅಂತ ಕೈ ಆಡಿಸಿದರು. ಬರೀ ಶ್ಯಾವಿಗೆ, ಸೊಪ್ಪು, ಸೌತೆಕಾಯಿ ಹಾಕಿ, ಪಕ್ಕದ ಅಂಗಡಿಯಿಂದ ಬಾಳೆಹಣ್ಣು ತಂದು ಕೊಟ್ಟರು. ಅಲ್ಲಿ ಮೆನುವೇ ಇಲ್ಲ, ಹಸಿರು ಗುರುತೂ ಇಲ್ಲ.

ನಾನೂ ಆ ಹೋಟೆಲಿನ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಮತ್ತೆ ಬನ್ನಿ ಅಂತ ಉತ್ತರ ಬಂತು. ಹೊಗಳಿ ಬರೆದವರಿಗೂ ಅದೇ ಉತ್ತರ ಹಾಕಿದ್ದಾರೆ, ಒಂದು ಅಕ್ಷರ ಬದಲಿಲ್ಲ.

ನನಗೆ ದುಡ್ಡು ವಾಪಸ್ ಬೇಡ. ಮುಂದಿನ ಸಲ ಬಿಟ್ಟಿ ಊಟವೂ ಬೇಡ. ಅಮೋಕ್ ಬೇಯಲು ಮುಕ್ಕಾಲು ಗಂಟೆ ಆಗುತ್ತದೆ ಅಂತ ಹೇಳಿ, ಕಾಯುತ್ತೇವೆ. ಅದು ಆಗದಿದ್ದರೆ ಆ ಫೋಟೊ ತೆಗೆಯಿರಿ. ದೊನ್ನೆಗೆ ಸ್ಟೇಪ್ಲರ್ ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಮೀನಿನ ಸಾಸ್ ಹಾಕುವ ತಟ್ಟೆಗಳ ಪಕ್ಕದ ಹಸಿರು ಗುರುತನ್ನು ಅಳಿಸಿ.