ಜೆಲಸ್ ಅಂತ ಬರೆದು ಅಳಿಸಿದ ಕಥೆ

ಹೋದ ವಾರ ಹಳೇ ಗೆಳತಿಯೊಬ್ಬಳು ಫೋಟೋ ಹಾಕಿದ್ದಳು. ಕೈಯಲ್ಲಿ ಪಿಎಚ್‌ಡಿ ಥೀಸಿಸ್. ಗಟ್ಟಿ ರಟ್ಟು, ಬೆನ್ನ ಮೇಲೆ ಬಂಗಾರದ ಬಣ್ಣದ ಅಕ್ಷರ. ‘ಸೋ ಜೆಲಸ್!’ ಅಂತ ಟೈಪ್ ಮಾಡಿ, ಎರಡು ಹಾರ್ಟ್ ಸೇರಿಸಿ ಕಳಿಸಿದೆ. ಐದು ನಿಮಿಷ ಬಿಟ್ಟು ಡಿಲೀಟ್ ಮಾಡಿದೆ.

ಆ ಐದು ನಿಮಿಷ ನಾನು ಏನು ಮಾಡುತ್ತಿದ್ದೆ ಗೊತ್ತಾ? ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ಥೀಸಿಸ್ ಎಷ್ಟು ದಪ್ಪ ಇದೆ ಅಂತ ನೋಡುತ್ತಿದ್ದೆ. ನಾವಿಬ್ಬರೂ ಒಂದೇ ವರ್ಷ ರಿಜಿಸ್ಟರ್ ಮಾಡಿಸಿದವರು. ಮೂರನೇ ವರ್ಷಕ್ಕೆ ನಾನು ಕೈಬಿಟ್ಟೆ. ನನ್ನ ನೋಟ್ಸ್ ಈಗಲೂ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬದಲ್ಲಿದೆ. ಅವಳ ಹತ್ತಿರ ಇರುವುದು ನನ್ನ ಹತ್ತಿರ ಇಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಎನ್ವಿ ಅಂತಾರೆ. ಜೆಲಸಿ ಬೇರೆ.

ಲೆಕ್ಕ ಸುಲಭ. ಎನ್ವಿಗೆ ಇಬ್ಬರು ಸಾಕು: ನಾನು, ಮತ್ತೆ ನನ್ನಲ್ಲಿಲ್ಲದ್ದನ್ನು ಇಟ್ಟುಕೊಂಡಿರುವ ಇನ್ನೊಬ್ಬರು. ಜೆಲಸಿಗೆ ಮೂವರು ಬೇಕು: ನಾನು, ನನ್ನವರು ಅಂದುಕೊಂಡವರು, ಮತ್ತೆ ಅವರನ್ನು ಎಲ್ಲಿ ಕಿತ್ತುಕೊಂಡುಬಿಡುತ್ತಾರೋ ಅಂತ ನಾನು ಹೆದರುವ ಮೂರನೆಯವರು. ಒಂದರಲ್ಲಿ ಇಲ್ಲ ಅನ್ನುವ ಉರಿ. ಇನ್ನೊಂದರಲ್ಲಿ ಇರುವುದು ಹೋದರೆ ಅನ್ನುವ ಭಯ.

ನಮ್ಮ ದೊಡ್ಡವಳಿಗೆ ಮೂರೂವರೆ ವರ್ಷ ಇದ್ದಾಗ ಚಿಕ್ಕವನು ಹುಟ್ಟಿದ. ಒಂದು ಮಧ್ಯಾಹ್ನ ಅವನನ್ನು ತಟ್ಟಿ ಮಲಗಿಸುತ್ತಿದ್ದೆ. ಇವಳು ಸದ್ದಿಲ್ಲದೆ ಬಂದಳು. ಅವನ ಎದೆ ಮೇಲಿದ್ದ ನನ್ನ ಕೈಯನ್ನು ಒಂದೊಂದೇ ಬೆರಳು ಬಿಡಿಸಿ ಎತ್ತಿದಳು. ತನ್ನ ತಲೆ ಮೇಲೆ ಇಟ್ಟುಕೊಂಡಳು. ಒಂದು ಮಾತೂ ಇಲ್ಲ. ಮಗುವಿನ ಗಿಲಕಿ, ಟೋಪಿ ಯಾವುದೂ ಅವಳಿಗೆ ಬೇಕಿರಲಿಲ್ಲ. ಆ ಕೈ ಬೇಕಿತ್ತು, ಅಷ್ಟೇ. ಅದು ಮೊದಲಿನಿಂದ ಅವಳದ್ದೇ ಆಗಿತ್ತಲ್ವಾ.

ಅದೇ ಹುಡುಗಿ ಏಳು ವರ್ಷದವಳಾದಾಗ ಗೆಳತಿಯ ಹೊಸ ಬಣ್ಣದ ಪೆಟ್ಟಿಗೆ ನೋಡಿಕೊಂಡು ಬಂದಳು. ಇಪ್ಪತ್ನಾಲ್ಕು ಬಣ್ಣ. ರಾತ್ರಿ ಮಲಗುವಾಗ, ನಾನು ಕೇಳದೇ ಇದ್ದರೂ, ‘ಅದೇನ್ ಅಷ್ಟು ಚೆನ್ನಾಗಿಲ್ಲಮ್ಮ, ಅದರಲ್ಲಿ ಬಿಳಿ ಬಣ್ಣ ಇದೆ, ಬಿಳಿ ಹಾಳೆ ಮೇಲೆ ಅದು ಕಾಣೋದೇ ಇಲ್ಲ’ ಅಂದಳು. ಎನ್ವಿಯ ಗುರುತೇ ಇದು. ಬೇಕಾದ್ದು ಸಿಗದಿದ್ದರೆ ಅದರ ಬೆಲೆಯನ್ನಾದರೂ ಇಳಿಸಿಬಿಡಬೇಕು. ಹಾಗೆ ನೋಡಿದರೆ ‘ಈ ಕಾಲದಲ್ಲಿ ಪಿಎಚ್‌ಡಿ ಯಾರು ಬೇಕಾದ್ರೂ ಮಾಡ್ತಾರೆ’ ಅನ್ನುವ ಮಾತು ನನ್ನ ತಲೆಯಲ್ಲೂ ಒಂದು ಸುತ್ತು ಹೊಡೆದು ಹೋಗಿತ್ತು. ಸುಳ್ಳು ಹೇಳಲ್ಲ.

ಎನ್ವಿ ಪದದ ಬೇರು ಲ್ಯಾಟಿನ್‌ನ ಇನ್ವಿಡಿಯಾ. ಅದರೊಳಗೆ ‘ನೋಡು’ ಅನ್ನುವ ಕ್ರಿಯಾಪದ ಕೂತಿದೆ. ಕೆಟ್ಟ ಕಣ್ಣಿಂದ ನೋಡುವುದು. ನಾವು ಕಣ್ಣು ಹಾಕಿದರು, ಕಣ್ಣು ಬಿತ್ತು ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಕಣ್ಣಲ್ಲಿ ಶುರುವಾಗಿ ಹೊಟ್ಟೆಗೆ ಇಳಿದು ಕಿಚ್ಚಾಗುತ್ತದೆ. ಇಟಲಿಯ ಕವಿ ಡಾಂಟೆ ಸತ್ತವರು ಪಾಪ ತೊಳೆದುಕೊಳ್ಳುವ ಬೆಟ್ಟವೊಂದನ್ನು ಕಲ್ಪಿಸಿಕೊಂಡ. ಅಲ್ಲಿ ಎನ್ವಿ ಪಟ್ಟವರ ರೆಪ್ಪೆಗಳನ್ನು ಕಬ್ಬಿಣದ ತಂತಿಯಿಂದ ಹೊಲಿದಿರುತ್ತಾರೆ. ನೋಡಿ ನೋಡಿ ಉರಿದ ಕಣ್ಣಿಗೆ ತಕ್ಕ ಶಿಕ್ಷೆ. ಫೋಟೋ ಝೂಮ್ ಮಾಡುವಾಗ ಯಾಕೋ ಅದು ನೆನಪಾಯಿತು.

ಜೆಲಸ್ ಪದದ ದಾರಿ ಇನ್ನೂ ಮಜವಾಗಿದೆ. ಗ್ರೀಕ್‌ನ ಝೀಲೋಸ್‌ನಿಂದ ಹೊರಟು, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಹುರುಪು ಅನ್ನುವ ಅರ್ಥದ ಝೀಲ್ ಕೂಡ ಅದೇ ಬೇರಿನದ್ದು. ಅರಿಸ್ಟಾಟಲ್ ಝೀಲೋಸ್ ಅಂದಿದ್ದು ಒಳ್ಳೇ ಗುಣಕ್ಕೆ: ‘ಅವನಿಗೆ ಸಿಕ್ಕಿದ್ದು ನನಗೂ ಸಿಗುವ ಹಾಗೆ ನಾನೂ ದುಡಿಯಬೇಕು’ ಅನ್ನುವ ಛಲ. ಅವನಿಗೆ ಸಿಗಲೇಬಾರದಿತ್ತು ಅನ್ನುವ ಉರಿಗೆ ಬೇರೆ ಪದ ಇಟ್ಟಿದ್ದ. ಆ ಉರಿ ಹುಟ್ಟುವುದು ನಮ್ಮ ವಯಸ್ಸಿನ, ನಮ್ಮ ಮಟ್ಟದ, ನಮ್ಮ ಹಾಗೇ ಇರುವವರ ಮೇಲೆ ಅಂತಲೂ ಅವನೇ ಹೇಳಿದ್ದಾನೆ. ಹೌದಲ್ವಾ? ನೊಬೆಲ್ ಬಂದವರನ್ನು ಕಂಡು ನನಗೆ ಒಂದು ದಿನವೂ ಉರಿದಿಲ್ಲ. ಉರಿದಿದ್ದು ನನ್ನ ಪಕ್ಕದ ಬೆಂಚಿನವಳನ್ನು ಕಂಡು.

ಫ್ರೆಂಚರು ಕಿಟಕಿಯ ಅಡ್ಡಪಟ್ಟಿ ಬಾಗಿಲಿಗೂ ಜೆಲಸಿ ಅನ್ನುವ ಪದವನ್ನೇ ಇಟ್ಟಿದ್ದಾರೆ. ಒಳಗಿನವರಿಗೆ ಹೊರಗಿನದ್ದು ಕಾಣುತ್ತದೆ, ಹೊರಗಿನವರಿಗೆ ಒಳಗಿನವರು ಕಾಣುವುದಿಲ್ಲ. ಅನುಮಾನದ ಕಣ್ಣಿಗೆ ಹೇಳಿ ಮಾಡಿಸಿದ ಜಾಗ.

ಎರಡನ್ನೂ ಒಟ್ಟಿಗೆ ನೋಡಬೇಕು ಅಂದರೆ ಶೇಕ್ಸ್‌ಪಿಯರ್‌ನ ಒಥೆಲೊ ನಾಟಕ ಸಾಕು. ಒಥೆಲೊ ಜೆಲಸಿಯಲ್ಲಿ ಬೇಯುವವನು. ಹೆಂಡತಿ ಕೈತಪ್ಪುತ್ತಿದ್ದಾಳೆ ಅನ್ನುವ ಅನುಮಾನಕ್ಕೆ ಒಂದು ಕರವಸ್ತ್ರ ಸಾಕಾಗುತ್ತದೆ. ಅವನ ಕಿವಿಗೆ ಆ ವಿಷ ಸುರಿಯುವ ಇಯಾಗೋನಲ್ಲಿ ಇರುವುದು ಜಾಸ್ತಿ ಎನ್ವಿ. ತನಗೆ ಬರಬೇಕಿದ್ದ ಹುದ್ದೆ ಕ್ಯಾಸಿಯೊಗೆ ಹೋಯಿತು. ಕ್ಯಾಸಿಯೊನ ಬದುಕಿನ ಚೆಂದದ ಮುಂದೆ ನಾನು ಕುರೂಪಿಯಾಗಿ ಕಾಣುತ್ತೇನೆ ಅನ್ನುವ ಅರ್ಥದಲ್ಲಿ ಒಂದು ಕಡೆ ತಾನೇ ಬಾಯಿ ಬಿಡುತ್ತಾನೆ. ತಮಾಷೆ ಅಂದರೆ ‘ಜೆಲಸಿ ಹಸಿರು ಕಣ್ಣಿನ ರಾಕ್ಷಸ, ಹುಷಾರು’ ಅಂತ ಒಥೆಲೊಗೆ ಬುದ್ಧಿ ಹೇಳುವವನೂ ಇದೇ ಇಯಾಗೋ.

‘ಇವತ್ತು ಎಲ್ಲರೂ ಎರಡಕ್ಕೂ ಜೆಲಸ್ ಅಂತಲೇ ಬಳಸ್ತಾರೆ, ಡಿಕ್ಷನರಿನೂ ಒಪ್ಪುತ್ತೆ’ ಅಂತ ನೀವು ಅನ್ನಬಹುದು. ಒಪ್ಪಿದೆ. ಆದರೆ ಇದು ಒನ್ ವೇ ರಸ್ತೆ. ಎನ್ವಿ ಅನ್ನಬೇಕಾದ ಕಡೆ ಜೆಲಸಿ ನಡೆಯುತ್ತದೆ. ಹೆಂಡತಿಯ ಮೊಬೈಲ್ ತಡಕುವ ಅನುಮಾನದ ಗಂಡನನ್ನು ಮಾತ್ರ ಯಾರೂ ಎನ್ವಿಯಸ್ ಅನ್ನುವುದಿಲ್ಲ.

ಯಾಕೆ ಹೀಗೆ? ನನಗೆ ಅನ್ನಿಸುವುದು ಇಷ್ಟು. ಜೆಲಸ್ ಅನ್ನುವುದರಲ್ಲಿ ಒಂದು ಮರ್ಯಾದೆ ಉಳಿದುಕೊಂಡಿದೆ. ಪ್ರೀತಿ ಇದ್ದಲ್ಲೇ ತಾನೇ ಅದು ಬರುವುದು? ಬೈಬಲ್‌ನಲ್ಲಿ ದೇವರೇ ತನ್ನನ್ನು ಜೆಲಸ್ ದೇವರು ಅಂತ ಕರೆದುಕೊಳ್ಳುತ್ತಾನೆ. ಎನ್ವಿ ಹಾಗಲ್ಲ. ಕ್ರೈಸ್ತರ ಏಳು ಮಹಾಪಾಪಗಳ ಪಟ್ಟಿಯಲ್ಲಿರುವುದು ಅದು. ಎನ್ವಿ ಅಂತ ಒಪ್ಪಿಕೊಂಡರೆ ‘ನಾನು ನಿನಗಿಂತ ಕಮ್ಮಿ’ ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಜೆಲಸ್ ಅಂತ ನಕ್ಕು, ಹಾರ್ಟ್ ಹಾಕಿ, ಜಾರಿಕೊಳ್ಳುತ್ತೇವೆ.

ಕನ್ನಡದಲ್ಲಿ ಈ ಗೆರೆ ಅಷ್ಟು ಸ್ಪಷ್ಟ ಇಲ್ಲ. ಹೊಟ್ಟೆಕಿಚ್ಚು ಎರಡಕ್ಕೂ ನಡೆಯುತ್ತದೆ, ಮತ್ಸರವೂ ಅಷ್ಟೇ. ಆದರೆ ಸವತಿ ಮತ್ಸರ ಅಂದ ತಕ್ಷಣ ಮೂರನೆಯವರು ಬಂದು ಕೂತರು ನೋಡಿ! ಅದು ಪಕ್ಕಾ ಜೆಲಸಿ. ಎನ್ವಿಗೆ ನಮ್ಮಲ್ಲಿ ‘ಕರುಬು’ ಅನ್ನುವ ಚೆಂದದ ಹಳೇ ಪದ ಇದೆ. ಈಗ ಬರವಣಿಗೆಯಲ್ಲಿ ಮಾತ್ರ ಉಳಿದಿದೆ, ಅದೂ ಅಪರೂಪಕ್ಕೆ. ಡಚ್ಚರಂತೂ ಒಂದು ಹೆಜ್ಜೆ ಮುಂದೆ. ಕಂಡು ಮೆಚ್ಚಿ ನನಗೂ ಬೇಕು ಅನ್ನುವ ಎನ್ವಿಗೊಂದು ಪದ, ಅವರಿಂದ ಕಿತ್ತುಹೋಗಲಿ ಅನ್ನುವ ಎನ್ವಿಗೆ ಇನ್ನೊಂದು. ನನ್ನದು ಯಾವುದು? ಅವಳ ಥೀಸಿಸ್ ಹಾಳಾಗಲಿ ಅಂತ ನನಗೆ ಅನ್ನಿಸಲಿಲ್ಲ. ಪಿಎಚ್‌ಡಿ ಯಾರು ಬೇಕಾದ್ರೂ ಮಾಡ್ತಾರೆ ಅನ್ನಿಸಿದ್ದೂ ನಿಜ. ಎರಡರ ಮಧ್ಯ ಎಲ್ಲೋ ಇದ್ದೆ ಅಂತ ಇಟ್ಟುಕೊಳ್ಳಿ.

ಕೊನೆಗೆ ಮತ್ತೆ ಬರೆದೆ. ಈ ಸಲ ಕನ್ನಡದಲ್ಲಿ, ಹಾರ್ಟ್ ಇಲ್ಲದೆ: ‘ಹೊಟ್ಟೆ ಉರೀತಿದೆ ಕಣೇ. ಓದೋಕೆ ಒಂದು ಕಾಪಿ ಕಳಿಸು.’

ಎರಡೇ ನಿಮಿಷಕ್ಕೆ ಉತ್ತರ ಬಂತು. ‘ಕಳಿಸ್ತೀನಿ ಕಣೇ. ತುಂಬಾ ದಪ್ಪ ಇದೆ, ಹೆದರಬೇಡ.’

ದಪ್ಪ ಎಷ್ಟು ಅಂತ ನಾನು ಆಗಲೇ ನೋಡಿದ್ದೆ. ಹೇಳಲಿಲ್ಲ.