ಸತ್ತ ಮೇಲೂ ರಜೆಯಿಲ್ಲದ ನೌಕರ

ಚೀನಾದಲ್ಲಿ ಅತಿ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿರುವ ನೌಕರ ಯಾರು ಗೊತ್ತಾ? ಪಾಠ ಹೇಳುತ್ತಿದ್ದ ತತ್ವಜ್ಞಾನಿ ಮೇಷ್ಟ್ರು ಕನ್‌ಫ್ಯೂಷಿಯಸ್. ಸೇವೆಗೆ ಸೇರಿದ್ದು ಕ್ರಿ.ಪೂ. 479ರಲ್ಲಿ, ಅಂದರೆ ಸತ್ತ ವರ್ಷ. ಇನ್ನೂ ನಿವೃತ್ತಿ ಆಗಿಲ್ಲ.

ಬದುಕಿದ್ದಾಗ ಮೇಷ್ಟ್ರ ಪಾಡೇ ಬೇರೆ. ಹುಟ್ಟಿದ್ದು ಲೂ ಎಂಬ ಸಣ್ಣ ಸಂಸ್ಥಾನದಲ್ಲಿ. ಅಲ್ಲೇ ಸ್ವಲ್ಪ ಕಾಲ ನ್ಯಾಯದ ಇಲಾಖೆ ನೋಡಿಕೊಳ್ಳುವ ಮಂತ್ರಿಯಾಗಿದ್ದರು ಎಂದು ಇತಿಹಾಸಕಾರ ಸೀಮಾ ಚಿಯನ್ ಬರೆದಿಟ್ಟಿದ್ದಾನೆ. ಕೆಲಸ ಚೆನ್ನಾಗಿ ಮಾಡಿದರಂತೆ. ತೊಂದರೆಯಾಗಿದ್ದೇ ಅದರಿಂದ. ಲೂ ಉದ್ಧಾರವಾದರೆ ತನ್ನ ಗತಿಯೇನು ಅಂತ ಪಕ್ಕದ ಚೀ ಸಂಸ್ಥಾನಕ್ಕೆ ಹೊಟ್ಟೆಯಲ್ಲಿ ಕಸಿವಿಸಿ. ಸೈನ್ಯ ಕಳಿಸುವ ಖರ್ಚು ಯಾಕೆ ಅಂತ, ಸಿಂಗರಿಸಿದ 80 ನರ್ತಕಿಯರನ್ನೂ 120 ಕುದುರೆಗಳನ್ನೂ ಉಡುಗೊರೆ ಕಳಿಸಿತು. ಮೂರು ದಿನ ಲೂ ಆಸ್ಥಾನದಲ್ಲಿ ಕಲಾಪವೇ ಇಲ್ಲ.

"ಹೊರಡೋಣ ಗುರುಗಳೇ" ಎಂದ ಶಿಷ್ಯ ಜಿಲೂ. ಮೇಷ್ಟ್ರು ತಾಳು ಎಂದರು. ದೊಡ್ಡ ಪೂಜೆ ಹತ್ತಿರವಿತ್ತು. ಬಲಿಯ ಮಾಂಸವನ್ನು ಅಧಿಕಾರಿಗಳಿಗೆ ಹಂಚುವುದು ವಾಡಿಕೆ. ತಮ್ಮ ಪಾಲು ಬಂದರೆ ಇರೋಣ, ಇಲ್ಲದಿದ್ದರೆ ನೋಡೋಣ ಎಂದರು. ಪಾಲು ಬರಲಿಲ್ಲ. ಮೇಷ್ಟ್ರು ಗಂಟುಮೂಟೆ ಕಟ್ಟಿದರು. ಪ್ರಸಾದದ ತಟ್ಟೆ ನಮ್ಮ ಮನೆಯೊಂದನ್ನು ಬಿಟ್ಟು ಬೀದಿಯ ಉಳಿದ ಮನೆಗಳಿಗೆಲ್ಲ ಹೋದರೆ ಏನರ್ಥ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕೇ?

ಆಮೇಲೆ ಸುಮಾರು 14 ವರ್ಷ ಅಲೆದಾಟ. ಒಬ್ಬ ದೊರೆಯಾದರೂ ತಮ್ಮ ಮಾತು ಕೇಳಿ ರಾಜ್ಯ ನಡೆಸಲಿ ಎಂಬ ಆಸೆ. ದೊರೆಗಳು ಊಟ ಹಾಕಿದರು, ಗೌರವದ ಮಾತಾಡಿದರು, ಕೆಲಸ ಮಾತ್ರ ಕೊಡಲಿಲ್ಲ. ಒಮ್ಮೆ ಝೆಂಗ್ ಪಟ್ಟಣದಲ್ಲಿ ಶಿಷ್ಯರಿಂದ ಬೇರೆಯಾಗಿ ಪೂರ್ವದ ಬಾಗಿಲ ಬಳಿ ಒಂಟಿಯಾಗಿ ನಿಂತಿದ್ದರು. ಹುಡುಕಿ ಬಂದ ಶಿಷ್ಯ ಜಿಗಾಂಗ್‌ಗೆ ಊರಿನವನೊಬ್ಬ ಹೇಳಿದ: "ಸಾವಿನ ಮನೆಯ ನಾಯಿಯ ಹಾಗೆ ಒಬ್ಬ ಅಲ್ಲಿ ನಿಂತಿದ್ದಾನೆ ನೋಡು." ಶಿಷ್ಯ ಅದನ್ನು ಇದ್ದ ಹಾಗೇ ಗುರುವಿಗೆ ವರದಿ ಮಾಡಿದ. ಮೇಷ್ಟ್ರು ನಕ್ಕುಬಿಟ್ಟರು. ಉಳಿದದ್ದು ಹೇಗೋ ಏನೋ, ನಾಯಿಯ ಮಾತು ಮಾತ್ರ ಸರಿಯಾಗಿದೆ ಅಂದರು.

ಅವರು ಸತ್ತಾಗ ಲೂ ದೊರೆ ಆಯ್ ಕಣ್ಣೀರು ತುಂಬಿದ ಶೋಕಗೀತೆ ಹೊರಡಿಸಿದ. ಈ ಮುದುಕರನ್ನು ನನಗೆ ಉಳಿಸಲಿಲ್ಲವಲ್ಲ ದೇವರು, ಇನ್ನು ನನಗೆ ಯಾರು ಗತಿ, ಇತ್ಯಾದಿ. ಜಿಗಾಂಗ್‌ಗೆ ರೇಗಿತು. ಬದುಕಿದ್ದಾಗ ಬಳಸಿಕೊಳ್ಳದೆ ಸತ್ತ ಮೇಲೆ ಹೊಗಳುವುದು ಮರ್ಯಾದೆಯಲ್ಲ ಎಂದ. ಪಾಪ, ಈ ಪದ್ಧತಿ ಮುಂದೆ ಎಷ್ಟು ಬೆಳೆಯುತ್ತದೆಂದು ಅವನಿಗೇನು ಗೊತ್ತಿತ್ತು?

ಮುಂದಿನದು ಮೇಷ್ಟ್ರ ಸರ್ವಿಸ್ ಬುಕ್. ಕ್ರಿ.ಶ. 1ರಲ್ಲಿ ಮೊದಲ ದೊಡ್ಡ ಬಡ್ತಿ, ಡ್ಯೂಕ್ ಪದವಿ. ಆಗ ಅಧಿಕಾರವೆಲ್ಲ ವಾಂಗ್ ಮಾಂಗ್ ಕೈಯಲ್ಲಿತ್ತು. ಸಿಂಹಾಸನದ ಮೇಲಿದ್ದದ್ದು ಎಳೆಯ ಹುಡುಗ. ಎಂಟು ವರ್ಷ ಕಳೆಯುವಷ್ಟರಲ್ಲಿ ಸಿಂಹಾಸನವನ್ನೇ ನುಂಗಿದವನು ಈ ವಾಂಗ್ ಮಾಂಗ್. ರಾಜನಿಷ್ಠೆಯ ಪಾಠ ಹೇಳಿದವರಿಗೆ ಪದವಿ ಕೊಡಲು ಅವನಿಗಿಂತ ಯೋಗ್ಯರು ಎಲ್ಲಿ ಸಿಕ್ಕಾರು! 739ರಲ್ಲಿ ಟಾಂಗ್ ಚಕ್ರವರ್ತಿ ಅವರನ್ನು ರಾಜನನ್ನಾಗಿಯೇ ಮಾಡಿದ. 1530ರಲ್ಲಿ ಮಿಂಗ್ ವಂಶದ ಜಿಯಾಜಿಂಗ್ ಚಕ್ರವರ್ತಿಗೆ, ಮೇಷ್ಟ್ರಿಗೆ ರಾಜ ಪದವಿ ಜಾಸ್ತಿಯಾಯಿತು ಅನ್ನಿಸಿತು. ಹಿಂಬಡ್ತಿ ಕೊಟ್ಟು ಮತ್ತೆ ಮೇಷ್ಟ್ರನ್ನಾಗಿ ಮಾಡಿದ, ಗುಡಿಗಳಲ್ಲಿದ್ದ ಮೂರ್ತಿ ತೆಗೆಸಿ ಹೆಸರು ಬರೆದ ಮರದ ಫಲಕ ಇಡಿಸಿದ. ಸತ್ತು ಎರಡು ಸಾವಿರ ವರ್ಷವಾದ ಮೇಲೆ ಹಿಂಬಡ್ತಿ! ಮೇಲ್ಮನವಿ ಸಲ್ಲಿಸಲೂ ಆಗದು.

ಇವರದ್ದೇ ಪರಂಪರೆಯ ಮೆನ್ಸಿಯಸ್ ಕಥೆ ಇನ್ನೂ ರುಚಿ. ಜನ ಎಲ್ಲರಿಗಿಂತ ದೊಡ್ಡವರು, ದೇಶದ ಗುಡಿಗುಂಡಾರ ಆಮೇಲೆ, ದೊರೆ ಕೊನೆಗೆ ಅಂದವರು ಅವರು. ದೊರೆ ತನ್ನ ಮಂತ್ರಿಗಳನ್ನು ಮಣ್ಣು, ಕಸದ ಹಾಗೆ ಕಂಡರೆ, ಅವರೂ ಅವನನ್ನು ಶತ್ರುವಿನ ಹಾಗೆ ಕಾಣುತ್ತಾರೆ ಅಂತಲೂ ಹೇಳಿದರು. ಸಾವಿರದ ಏಳುನೂರು ವರ್ಷ ತಡವಾಗಿ ಇದನ್ನು ಓದಿ ಸಿಟ್ಟಾದವನು ಮಿಂಗ್ ವಂಶದ ಮೊದಲ ಚಕ್ರವರ್ತಿ ಝೂ ಯುವಾನ್‌ಝಾಂಗ್. ತಾನು ಬಡ ರೈತನ ಮಗ, ಒಂದು ಕಾಲಕ್ಕೆ ಭಿಕ್ಷೆ ಬೇಡಿದವ. ಜನರೇ ದೊಡ್ಡವರು ಅನ್ನುವ ಮಾತು ಇವನಿಗಾದರೂ ಹಿಡಿಸಬೇಕಿತ್ತು, ಅಲ್ವಾ? 1372ರಲ್ಲಿ ಮೆನ್ಸಿಯಸ್ ಫಲಕವನ್ನು ಕನ್‌ಫ್ಯೂಷಿಯಸ್ ಗುಡಿಯಿಂದ ಹೊರಹಾಕಿಸಿದ. ವಿರೋಧಿಸಿದವರಿಗೆ ಶಿಕ್ಷೆ ಅಂತ ಮೊದಲೇ ಡಂಗುರ. ಚಿಯನ್ ತಾಂಗ್ ಎಂಬ ಅಧಿಕಾರಿ ಬಂದು, ಮೆನ್ಸಿಯಸ್‌ಗಾಗಿ ಸತ್ತರೆ ಅದು ಹೆಮ್ಮೆಯ ಸಾವು ಎಂದು ಎದುರು ನಿಂತ. ಮರುವರ್ಷ ಫಲಕ ತೆಪ್ಪಗೆ ವಾಪಸು ಬಂತು.

ಸಿಟ್ಟು ಮಾತ್ರ ಹೋಗಿರಲಿಲ್ಲ. 1394ರಲ್ಲಿ ಮೆನ್ಸಿಯಸ್ ಗ್ರಂಥದಿಂದ 85 ಭಾಗ ಕಿತ್ತು ಹಾಕಿಸಿದ. ಆ ಭಾಗಗಳಿಂದ ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ ಎಂಬ ಕಟ್ಟಪ್ಪಣೆ ಬೇರೆ. ಆ 85 ಭಾಗಗಳನ್ನು ಆರಿಸಲು ಕೂತ ಪಂಡಿತರನ್ನು ನೆನೆದರೆ ನನಗೆ ನಗು ತಡೆಯದು. ದೇಶಕ್ಕೆಲ್ಲ ಬೇಡವಾದ ಪುಟಗಳನ್ನು ಅಷ್ಟು ಶ್ರದ್ಧೆಯಿಂದ, ಸರ್ಕಾರಿ ಖರ್ಚಿನಲ್ಲಿ, ಸಾಲು ಬಿಡದೆ ಓದಿದವರು ಅವರೊಬ್ಬರೇ ಇರಬೇಕು.

ಇನ್ನು ಹೊಸ ಕಾಲ. 1966ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ, ಮಾವೋ ಭಕ್ತರಾದ ಕೆಂಪು ಕಾವಲುಪಡೆಯ ಹುಡುಗರು ಮೇಷ್ಟ್ರ ಊರು ಚೂಫುಗೆ ನುಗ್ಗಿ ಮೂರ್ತಿ ಒಡೆದರು, ಸಮಾಧಿ ಅಗೆದರು. 1974ರಲ್ಲಿ 'ಲಿನ್ ಖಂಡನೆ, ಕನ್‌ಫ್ಯೂಷಿಯಸ್ ಖಂಡನೆ' ಆಂದೋಲನ. ಲಿನ್ ಅಂದರೆ ಲಿನ್ ಬಿಯಾವ್, ಮಾವೋ ಉತ್ತರಾಧಿಕಾರಿ ಅನ್ನಿಸಿಕೊಂಡಿದ್ದ ಸೇನಾನಿ, 1971ರಲ್ಲಿ ಮಂಗೋಲಿಯಾದಲ್ಲಿ ವಿಮಾನ ಬಿದ್ದು ಸತ್ತವನು. ಮೇಷ್ಟ್ರು ಈ ಕೇಸಿನಲ್ಲಿ ಎರಡನೇ ಆರೋಪಿ.

ಮೂವತ್ತು ವರ್ಷ ಕಳೆದ ಮೇಲೆ ಅದೇ ಮೇಷ್ಟ್ರಿಗೆ ವಿದೇಶಿ ಪೋಸ್ಟಿಂಗ್. ಚೀನೀ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಗೆ ಅವರ ಹೆಸರಿಟ್ಟು 2004ರಲ್ಲಿ ಸೋಲ್‌ನಲ್ಲಿ ಮೊದಲ ಬೋರ್ಡು ಹಾಕಿದರು.

ಹೆಸರು ಅಂದಾಗ ನೆನಪಾಯಿತು. ರಾಜ್ಯ ಕೈಗೆ ಕೊಟ್ಟರೆ ಮೊದಲು ಏನು ಮಾಡುತ್ತೀರಿ ಅಂತ ಜಿಲೂ ಒಮ್ಮೆ ಕೇಳಿದ್ದ. ಹೆಸರುಗಳನ್ನು ಸರಿಪಡಿಸುತ್ತೇನೆ ಅಂದಿದ್ದರು ಮೇಷ್ಟ್ರು. ಅಂದರೆ ದೊರೆ ಅನ್ನಿಸಿಕೊಂಡವನು ದೊರೆಯ ಹಾಗಿರಬೇಕು, ಅಪ್ಪ ಅಪ್ಪನ ಹಾಗೆ. ಅಷ್ಟಕ್ಕೇನಾ, ಅಂದ ಜಿಲೂ. ಬೈಸಿಕೊಂಡ.

2010ರಲ್ಲಿ, ಸರ್ಕಾರವನ್ನು ಟೀಕಿಸಿ ಜೈಲಿನಲ್ಲಿದ್ದ ಲೇಖಕ ಲಿಯು ಶಿಯಾಬೊಗೆ ನೊಬೆಲ್ ಶಾಂತಿ ಪ್ರಶಸ್ತಿ ಪ್ರಕಟವಾದಾಗ, ಬೀಜಿಂಗ್‌ನಲ್ಲಿ ಕೆಲವರು ಅವಸರದಲ್ಲಿ 'ಕನ್‌ಫ್ಯೂಷಿಯಸ್ ಶಾಂತಿ ಪ್ರಶಸ್ತಿ' ಹುಟ್ಟುಹಾಕಿದರು. ನೊಬೆಲ್ ಸಮಾರಂಭಕ್ಕೆ ಒಂದು ದಿನ ಮೊದಲೇ ಇವರದ್ದು. ಪ್ರಶಸ್ತಿ ತೈವಾನಿನ ಮಾಜಿ ಉಪಾಧ್ಯಕ್ಷ ಲಿಯನ್ ಚಾನ್‌ಗೆ. ಅವರ ಕಚೇರಿಗೆ ವಿಷಯವೇ ಗೊತ್ತಿಲ್ಲ. ವೇದಿಕೆ ಹತ್ತಿ ಹಣ ಪಡೆದದ್ದು ಒಬ್ಬಳು ಪುಟ್ಟ ಹುಡುಗಿ. ಮರುವರ್ಷ ಪುಟಿನ್‌ಗೆ ಕೊಟ್ಟರು. ಕೊಟ್ಟ ಕಾರಣಗಳಲ್ಲಿ ಚೆಚೆನ್ಯಾದ ಮೇಲೆ ಯುದ್ಧಕ್ಕೆ ಹೋದದ್ದೂ ಒಂದು. ಯುದ್ಧಕ್ಕೆ ಶಾಂತಿ ಪ್ರಶಸ್ತಿ, ಮೇಲೆ ಹೆಸರು ಸರಿಪಡಿಸಬೇಕು ಅಂದ ಮೇಷ್ಟ್ರ ಹೆಸರು.

ಮೊದಲ ಪ್ರಶಸ್ತಿ ಕೊಟ್ಟ ಮರುತಿಂಗಳು, 2011ರ ಜನವರಿಯಲ್ಲಿ, ತಿಯಾನನ್ಮೆನ್ ಚೌಕದ ಪಕ್ಕ, ರಾಷ್ಟ್ರೀಯ ಮ್ಯೂಸಿಯಂ ಮುಂದೆ 9.5 ಮೀಟರ್ ಎತ್ತರದ ಕಂಚಿನ ಮೇಷ್ಟ್ರು ಎದ್ದು ನಿಂತರು. ಅಲ್ಲೇ ಆಚೆ ಮಾವೋ ಭಾವಚಿತ್ರ. ಒಬ್ಬರು ಸಮಾಧಿ ಅಗೆಸಿಕೊಂಡವರು, ಇನ್ನೊಬ್ಬರು ಅಗೆದವರ ನಾಯಕ. ಇಬ್ಬರೂ ನೂರು ದಿನ ಒಂದೇ ಬಯಲಿನ ಗಾಳಿ ಕುಡಿದರು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಜನ ನೋಡುತ್ತಾರೆ, ಮೇಷ್ಟ್ರು ಇಲ್ಲ! ರಾತ್ರೋರಾತ್ರಿ ಎತ್ತಂಗಡಿ.

ಮ್ಯೂಸಿಯಂನ ಒಳಗಿನ ಅಂಗಳಕ್ಕೆ ಸಾಗಿಸಿದ್ದರು. ಮುಂದಿನ ಆದೇಶದವರೆಗೆ.