ಬೊಂಬೆಗೆ ಬೆವರು ಬರುವುದಿಲ್ಲ

ಮೊನ್ನೆ ಎಮರ್ಜೆನ್ಸಿ ಮೆಡಿಸಿನ್ ಟ್ರೈನಿಗಳ ಸಿಮ್ಯುಲೇಷನ್ ಪರೀಕ್ಷೆಯಲ್ಲಿ ಅಂಕ ಹಾಕಲು ಕೂತಿದ್ದೆ. ಮಂಚದ ಮೇಲೆ ರೋಗಿಯ ಬದಲು ಮ್ಯಾನಿಕಿನ್ ಎಂಬ ಬೊಂಬೆ, ಮಾನಿಟರಿನಲ್ಲಿ ವಿ.ಎಫ್. (ಹೃದಯ ರಕ್ತ ತಳ್ಳದೆ ಬರೀ ಅದುರುವ ಲಯ), ನನ್ನ ಕೈಯಲ್ಲಿ ಚೆಕ್‌ಲಿಸ್ಟ್.

ಮೊದಲು ಬಂದ ಹುಡುಗ ಬಲು ಚುರುಕು. 'ಪಲ್ಸ್ ನೋಡ್ತಿದೀನಿ' ಎಂದ. ಬೆರಳು ಕುತ್ತಿಗೆಗೆ ತಾಕಿಯೇ ಇರಲಿಲ್ಲ, ಕಣ್ಣು ನನ್ನ ಪೆನ್ನಿನ ಮೇಲೆ! ಶಾಕ್ ಕೊಟ್ಟ, ಎರಡೆರಡು ನಿಮಿಷಕ್ಕೆ ರಿದಮ್ ನೋಡಿದ, ಹೊತ್ತಿಗೆ ಸರಿಯಾಗಿ 1 ಮಿ.ಗ್ರಾಂ ಅಡ್ರಿನಲಿನ್ ಹೇಳಿದ. ಹೃದಯ ನಿಲ್ಲಲು ಕಾರಣವಾಗುವ, ಸರಿಪಡಿಸಬಹುದಾದ ತೊಂದರೆಗಳ ಪಟ್ಟಿ 'ನಾಲ್ಕು ಎಚ್, ನಾಲ್ಕು ಟಿ'ಯನ್ನು ಮಗ್ಗಿಯಂತೆ ಒಪ್ಪಿಸಿ, ನಡುವೆ ಕ್ಯಾಲ್ಸಿಯಂ ಅನ್ನೂ ಸೇರಿಸಿದ. ಟಿಕ್ ಮೇಲೆ ಟಿಕ್.

ಆಮೇಲೆ ಬಂದವಳು ಹಲವು ಟಿಕ್ ಕಳೆದುಕೊಂಡಳು. ಆದರೆ ಎದೆ ಒತ್ತುತ್ತಿದ್ದವನ ಕೈ ಸೋಲುತ್ತಿರುವುದನ್ನು ಎರಡು ನಿಮಿಷ ತುಂಬುವ ಮೊದಲೇ ಕಂಡು, ಒತ್ತುವುದು ನಿಲ್ಲದ ಹಾಗೆ ಇನ್ನೊಬ್ಬನನ್ನು ಕೂರಿಸಿದಳು. ಮೂರನೇ ಶಾಕ್ ಆದಮೇಲೆ ಒಂದು ಹೆಜ್ಜೆ ಹಿಂದೆ ಸರಿದು, 'ನಾವೇನಾದ್ರೂ ಮರೀತಿದೀವಾ?' ಎಂದು ಎಲ್ಲರನ್ನೂ ಕೇಳಿದಳು. ನರ್ಸ್ ಪಾತ್ರದಲ್ಲಿದ್ದವರು ಮೆಲ್ಲಗೆ, 'ಡಯಾಲಿಸಿಸ್ ಪೇಷೆಂಟ್ ಮೇಡಂ, ಎರಡು ಸಲ ತಪ್ಪಿಸಿದಾರೆ' ಎಂದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿರಬಹುದು, ಕ್ಯಾಲ್ಸಿಯಂ ಕೊಡಬೇಕು ಎಂದು ಹೊಳೆದದ್ದು ಆಗ. ಕ್ಯಾಲ್ಸಿಯಂ ಹೇಳಿದ್ದಕ್ಕೆ ಒಂದು ಅಂಕ ಇತ್ತು. ಹಾಗೆ ಕೇಳಿದ್ದಕ್ಕೆ ಇರಲಿಲ್ಲ.

ಸಿಮ್ಯುಲೇಷನ್ ಬೇಡ ಅನ್ನುತ್ತಿಲ್ಲ. ನಿಜವಾದ ಕಾರ್ಡಿಯಾಕ್ ಅರೆಸ್ಟ್ ಹೇಳಿ ಬರುವುದಿಲ್ಲ, ಬಂದಾಗ ಟ್ರೈನಿ ತಡವರಿಸಿದರೆ ಸೀನಿಯರ್ ಕೈ ಹಾಕಲೇಬೇಕು. ಅಲ್ಲಿ ಪರೀಕ್ಷೆ ಮಾಡಲಾಗದು. ನಿಮಿಷಕ್ಕೆ 100ರಿಂದ 120 ಒತ್ತು, 5ರಿಂದ 6 ಸೆಂ.ಮೀ. ಆಳ, ನಡುವೆ ನಿಂತದ್ದೆಷ್ಟು, ಇವನ್ನೆಲ್ಲ ಬೊಂಬೆಯೊಳಗಿನ ಸೆನ್ಸರ್ ನಮಗಿಂತ ಚೆನ್ನಾಗಿ ಹೇಳುತ್ತದೆ. ಹೇಳಲಿ. ಅದಕ್ಕೆ ಕಾಣದ್ದನ್ನು ನೋಡುವುದಕ್ಕಲ್ಲವೇ ನಾವು ಕೂತಿರುವುದು?

(ಅಂದಹಾಗೆ, 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ರೆಸಸಿ ಆ್ಯನ್ ಬೊಂಬೆ ಮಾಡಿದ್ದು ಜನಕ್ಕೆ ಉಸಿರು ಕೊಡುವುದನ್ನು ಕಲಿಸಲು. ಫೇಲ್ ಮಾಡುವ ಕೆಲಸ ಅದರ ತಲೆಗೆ ಕಟ್ಟಿದ್ದು ನಾವು.)

ನಮ್ಮ ಬೊಂಬೆ ಬಿಳುಚಿಕೊಳ್ಳುವುದಿಲ್ಲ, ಬೆವರುವುದಿಲ್ಲ. 'ಮೈ ತಣ್ಣಗಿದೆಯಾ ಸರ್?' ಎಂದು ನನ್ನನ್ನೇ ಕೇಳುತ್ತಾರೆ. ಕೇಳದವನು ಮರೆತನೋ, ನೋಡಿ ಸುಮ್ಮನಾದನೋ? ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯರ ಸಾಮರ್ಥ್ಯ ಅಳೆಯುವ ಬಗ್ಗೆ ಬರೆದ ಪಿರಮಿಡ್ಡಿನಲ್ಲಿ 'ಮಾಡಿ ತೋರಿಸುವುದು' ಮೂರನೇ ಮೆಟ್ಟಿಲು, ನಿಜದ ಕೆಲಸದಲ್ಲಿ 'ಮಾಡುವುದು' ಅದರ ಮೇಲಿನದು. ನಾವು ಮೂರನೆಯದರಲ್ಲಿ ನಿಂತು ನಾಲ್ಕನೆಯದಕ್ಕೆ ಸರ್ಟಿಫಿಕೇಟ್ ಕೊಡುತ್ತಿದ್ದೇವೆ. ಅದೂ ಒಂದೇ ಕೇಸ್ ನೋಡಿ! ವಿ.ಎಫ್.ನಲ್ಲಿ ಹುಲಿಯಾದವನು ಅನಾಫಿಲಾಕ್ಸಿಸ್ (ಜೀವಕ್ಕೇ ಕುತ್ತಾಗುವ ಅಲರ್ಜಿ) ಆದ ಮಗುವಿನ ಮುಂದೆ ಬೆಪ್ಪಾಗಿ ನಿಂತದ್ದನ್ನು ಕಂಡಿದ್ದೇನೆ. ಐದಾರು ಬೇರೆ ಬೇರೆ ಕೇಸ್, ಪ್ರತಿಯೊಂದಕ್ಕೂ ಬೇರೆ ಪರೀಕ್ಷಕರು ಬೇಕು. ಪರೀಕ್ಷಕರೂ ಮೊದಲು ಒಂದೇ ವಿಡಿಯೋಗೆ ಅಂಕ ಹಾಕಿ ಜಗಳವಾಡಬೇಕು. ನಾವೊಮ್ಮೆ ಆಡಿದ್ದೆವು, ನಾನು ಪಾಸ್ ಮಾಡಿದವನನ್ನು ಪಕ್ಕದವರು ಫೇಲ್ ಮಾಡಿದ್ದರು.

ಮೊನ್ನೆ ಹುಡುಗನಿಗೇ ಹೆಚ್ಚು ಅಂಕ ಬಂತು. ಹಾಳೆಯ ತಳದಲ್ಲಿ 'ಒಟ್ಟಾರೆ ಅಭಿಪ್ರಾಯ, ಐದಕ್ಕೆ' ಎಂಬ ಸಾಲಿದೆ. ಮೊತ್ತಕ್ಕೆ ಸೇರುವುದಿಲ್ಲವಂತೆ. ಹುಡುಗಿಗೆ ಅಲ್ಲಿ ಐದು ಬರೆದು ಸಹಿ ಹಾಕಿದೆ.